ಭಾಸ್ಕರಾಚಾರ್ಯರು: ಭೂಮಿಯ ಸೆಳೆತದಿಂದ ಗ್ರಹಗಳ ತೂಕದವರೆಗೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳ ಊರು. ರಾಷ್ಟ್ರಕೂಟರ ಹಾಗೂ ಕಲ್ಯಾಣ ಚಾಲುಕ್ಯರ ಕಾಲದ ಶಿಲಾದೇಗುಲಗಳು ಇಲ್ಲಿ ಇಂದಿಗೂ ನಿಂತಿವೆ. ಆ ಕಾಲದ ಶಿಲ್ಪಿಗಳು ಗಾರೆಯನ್ನು ನೆಚ್ಚಿ ಗುಡಿ ಕಟ್ಟಿದವರಲ್ಲ. ಕಲ್ಲಿನ ಮೇಲೆ ಕಲ್ಲನ್ನು ಹದವಾಗಿ ಕೂರಿಸಿ, ಕಲ್ಲಿನ ಭಾರವೇ ಕಟ್ಟಡವನ್ನು ಹಿಡಿದು ನಿಲ್ಲಿಸುವಂತೆ ಮಾಡಿದವರು. ಭಾರವೆಂಬುದು ಸದಾ ನೆಲದ ಕಡೆಗೇ ಎಳೆಯುತ್ತದೆ ಎಂಬ ತಿಳಿವಳಿಕೆ ಅವರ ಕೈಯಲ್ಲಿತ್ತು. ಆ ತಿಳಿವಳಿಕೆಯೇ ಗುಡಿಗಳಾಗಿ ಎಂಟು ಒಂಬತ್ತು ಶತಮಾನಗಳನ್ನು ದಾಟಿ ಬಂದಿದೆ.

ಹಾಗೆ ಎಳೆಯುವುದು ಯಾವುದು, ಏಕೆ ಎಳೆಯುತ್ತದೆ ಎಂಬ ಪ್ರಶ್ನೆಯನ್ನು ಅದೇ ಕಾಲದಲ್ಲಿ ತಮ್ಮ ಗ್ರಂಥದೊಳಗೆ ಎತ್ತಿಕೊಂಡವರು ಭಾಸ್ಕರಾಚಾರ್ಯರು. ಅವರು ಶಿರವಾಳದವರಲ್ಲ. ಆದರೆ ಭೀಮಾ ತೀರದ ಈ ಸೀಮೆಯನ್ನು ಆಳುತ್ತಿದ್ದ ಕಲ್ಯಾಣದ ಅರಸರ ಕಾಲದಲ್ಲೇ ಹುಟ್ಟಿ ಬೆಳೆದವರು. ನ್ಯೂಟನ್‌ಗಿಂತ ಐದು ಶತಮಾನ ಮೊದಲೇ ಗುರುತ್ವವನ್ನು ಕಂಡುಹಿಡಿದವರು ಎಂದು ಇಂದು ಸಭೆ ಸಮಾರಂಭಗಳಲ್ಲಿ ಅವರನ್ನು ಕೊಂಡಾಡುವುದುಂಟು. ಈ ಹೊಗಳಿಕೆಯಲ್ಲಿ ನಿಜವೆಷ್ಟು, ಅತಿಶಯವೆಷ್ಟು ಎಂದು ವಿಂಗಡಿಸದಿದ್ದರೆ ಅವರ ನಿಜವಾದ ಸಾಧನೆಯೇ ಮರೆಯಾಗುತ್ತದೆ. ಒಂದು ಗ್ರಹದ ಸೆಳೆತ ಇನ್ನೊಂದರಿಂದ ಎಷ್ಟು ಬೇರೆ ಎಂಬ ಲೆಕ್ಕವನ್ನು ಎದುರಿಗಿಟ್ಟು ನೋಡಿದರೆ ಆ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಕಲ್ಯಾಣದ ಕಾಲ, ಸಹ್ಯಾದ್ರಿಯ ಊರು

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಈ ವರ್ಷವನ್ನು ಊಹಿಸಬೇಕಾಗಿಲ್ಲ. ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆಗ ಕಲ್ಯಾಣದ ಸಿಂಹಾಸನದಲ್ಲಿದ್ದವನು ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ನಡೆದ ಅವನ ದೀರ್ಘ ಆಳ್ವಿಕೆಯಲ್ಲಿ ಕವಿಗಳಿಗೂ ಶಾಸ್ತ್ರಕಾರರಿಗೂ ಆಶ್ರಯವಿತ್ತು. ಕಾಶ್ಮೀರದ ಬಿಲ್ಹಣ ಅವನ ಆಸ್ಥಾನಕ್ಕೆ ಬಂದಿದ್ದ. ಧರ್ಮಶಾಸ್ತ್ರದ ಮಹಾವ್ಯಾಖ್ಯಾನ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದೂ ಅದೇ ಕಾಲದಲ್ಲಿ.

ಈ ನಾಡಿಗೆ ಗಣಿತವೂ ಹೊಸದಾಗಿರಲಿಲ್ಲ. ಶಿರವಾಳಕ್ಕೆ ಹೆಚ್ಚು ದೂರವಿಲ್ಲದ ಮಳಖೇಡ ಹಿಂದೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದ್ದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತವನ್ನು ಬರೆದ. ಭಾಸ್ಕರಾಚಾರ್ಯರು ಬೆಳೆದದ್ದು ಇಂಥ ವಾತಾವರಣದಲ್ಲಿ.

ಅವರ ಊರು ಸಹ್ಯ ಪರ್ವತದ ಸೀಮೆಯಲ್ಲಿದ್ದ ವಿಜ್ಜಡವಿಡ. ಅದು ಇಂದಿನ ವಿಜಯಪುರವೆಂದು ಗುರುತಿಸುವ ಪರಂಪರೆ ಕರ್ನಾಟಕದಲ್ಲಿ ಬಲವಾಗಿದೆ. ಮಹಾರಾಷ್ಟ್ರದ ಚಾಳಿಸಗಾಂವ್ ಬಳಿಯ ಪಾಟಣದ ಪರಿಸರವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಅವರ ವಂಶದವರ ಶಾಸನ ದೊರೆತದ್ದು ಅಲ್ಲಿಯೇ. ಆ ಕಾಲಕ್ಕೆ ಈ ಎರಡೂ ಕಡೆ ಕಲ್ಯಾಣದ ಅಧಿಕಾರ ನಡೆಯುತ್ತಿತ್ತು. ಉತ್ತರದ ಭಾಗವನ್ನು ನೋಡಿಕೊಳ್ಳುತ್ತಿದ್ದ ಸೇವುಣರು ಕಲ್ಯಾಣದ ಸಾಮಂತರಾಗಿದ್ದರು. ಇಂದಿನ ರಾಜ್ಯಗಳ ಗಡಿಯನ್ನು ಹನ್ನೆರಡನೆಯ ಶತಮಾನಕ್ಕೆ ಒಯ್ದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಅವರದು ಶಾಂಡಿಲ್ಯ ಗೋತ್ರದ ವಿದ್ವಾಂಸರ ಮನೆತನ. ತಂದೆ ಮಹೇಶ್ವರರೇ ಮಗನಿಗೆ ಗುರು. ಗಣಿತ, ಜ್ಯೋತಿಷ, ವ್ಯಾಕರಣಗಳನ್ನು ಮನೆಯಲ್ಲೇ ಕಲಿಯುವ ಅನುಕೂಲ ಅವರಿಗಿತ್ತು. ಈ ಋಣವನ್ನು ಅವರು ಗ್ರಂಥದಲ್ಲಿ ವಿನಯದಿಂದ ಸ್ಮರಿಸಿದ್ದಾರೆ.

ಮೂವತ್ತಾರರ ಹರೆಯದ ಮಹಾಗ್ರಂಥ

1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಸಿದ್ಧಾಂತ ಶಿರೋಮಣಿಯನ್ನು ಪೂರೈಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳನ್ನು ಒಟ್ಟಿಗೆ ಆ ಹೆಸರಿನಿಂದ ಕರೆಯುವುದು ವಾಡಿಕೆ. ಮೊದಲನೆಯದು ಅಂಕಗಣಿತ ಮತ್ತು ಕ್ಷೇತ್ರಗಣಿತಕ್ಕೆ, ಎರಡನೆಯದು ಅವ್ಯಕ್ತ ರಾಶಿಗಳ ಗಣಿತಕ್ಕೆ, ಮೂರನೆಯದು ಗ್ರಹಗಳ ಚಲನೆಯ ಲೆಕ್ಕಕ್ಕೆ, ನಾಲ್ಕನೆಯದು ಗೋಲ ಮತ್ತು ಭೂಮಿಯ ವಿವರಣೆಗೆ ಮೀಸಲು. ಗ್ರಂಥಕ್ಕೆ ತಾವೇ ಗದ್ಯದಲ್ಲಿ ವ್ಯಾಖ್ಯಾನವನ್ನೂ ಬರೆದರು. ಸೂತ್ರವನ್ನು ಹೇಳಿ ಸುಮ್ಮನಾಗದೆ, ಅದು ಏಕೆ ಸರಿ ಎಂಬುದನ್ನು ವಿದ್ಯಾರ್ಥಿಗೆ ತೋರಿಸಬೇಕೆಂಬ ಹಟ ಅವರದು.

ಬೀಜಗಣಿತದಲ್ಲಿ ಅವರು ವಿಸ್ತರಿಸಿದ ಚಕ್ರವಾಲ ವಿಧಾನ ಇಂದಿಗೂ ಗಣಿತಜ್ಞರನ್ನು ಬೆರಗುಗೊಳಿಸುತ್ತದೆ. ಒಂದು ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1ನ್ನು ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ಬರಬೇಕು ಎಂಬ ಸಮಸ್ಯೆಗೆ ಅವರು ಕೊಟ್ಟ ಕನಿಷ್ಠ ಉತ್ತರ 22,61,53,980. ಜೊತೆಗಿನ ಸಂಖ್ಯೆ 176,63,19,049. ಇದೇ ಸಮಸ್ಯೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದ. ಐದು ಶತಮಾನಗಳ ಹಿಂದೆ ದಖ್ಖನ್ನಿನಲ್ಲಿ ಅದರ ಉತ್ತರ ಸಿದ್ಧವಾಗಿತ್ತೆಂಬುದು ಅವನಿಗೆ ತಿಳಿದಿರಲಿಲ್ಲ.

ಗ್ರಹಗಣಿತದಲ್ಲಿ ಇನ್ನೊಂದು ದೊಡ್ಡ ಹೆಜ್ಜೆಯಿದೆ. ಗ್ರಹದ ವೇಗ ದಿನವಿಡೀ ಒಂದೇ ಆಗಿರುವುದಿಲ್ಲ. ಆದ್ದರಿಂದ ದಿನದ ಸರಾಸರಿಯಷ್ಟೇ ಸಾಲದು, ಆ ಗಳಿಗೆಯ ವೇಗ ಬೇಕು ಎಂದು ಅವರು ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕಿದರು. ಇದು ಮುಂದೆ ಕಲನಶಾಸ್ತ್ರವಾಗಿ ಬೆಳೆಯಲಿದ್ದ ವಿಚಾರದ ಬೀಜ. ಅವರ ಗ್ರಂಥ ಬಳಸುವ ನಾಕ್ಷತ್ರಿಕ ವರ್ಷದ ಅವಧಿ 365.2584 ದಿನ. ಇಂದಿನ ಮಾಪನಕ್ಕೂ ಅದಕ್ಕೂ ಇರುವ ಅಂತರ ವರ್ಷಕ್ಕೆ ಸುಮಾರು 3 ನಿಮಿಷ ಮಾತ್ರ.

ಲೀಲಾವತಿಯ ಕಥೆ

ಭಾಸ್ಕರಾಚಾರ್ಯರ ಹೆಸರು ಮನೆಮಾತಾಗಿರುವುದು ಲೀಲಾವತಿಯಿಂದ. ಅದರ ಲೆಕ್ಕಗಳಲ್ಲಿ ದುಂಬಿಗಳು, ಹಂಸಗಳು, ಕಮಲಗಳು ತುಂಬಿವೆ. 9 ಮೊಳ ಎತ್ತರದ ಕಂಬದ ಮೇಲೆ ಕುಳಿತ ನವಿಲು, 27 ಮೊಳ ದೂರದಿಂದ ಕಂಬದ ಬುಡದ ಬಿಲಕ್ಕೆ ಬರುತ್ತಿರುವ ಹಾವಿನ ಮೇಲೆ ಎರಗುತ್ತದೆ. ಎರಡೂ ಸಮಾನ ದೂರ ಸಾಗಿ ಸಂಧಿಸಿದರೆ ಆ ಜಾಗ ಬಿಲದಿಂದ ಎಷ್ಟು ದೂರ? ಉತ್ತರ 12 ಮೊಳ. ಲಂಬಕೋನ ತ್ರಿಭುಜದ ಪಾಠವನ್ನು ಇದಕ್ಕಿಂತ ಸೊಗಸಾಗಿ ಹೇಳುವುದು ಕಷ್ಟ.

ಲೀಲಾವತಿ ಅವರ ಮಗಳೆಂದೂ, ಅವಳ ಮದುವೆಯ ಮುಹೂರ್ತ ತಪ್ಪಿತೆಂದೂ ಹೇಳುವ ಕಥೆ ಎಲ್ಲರಿಗೂ ಗೊತ್ತು. ತಳದಲ್ಲಿ ಸಣ್ಣ ರಂಧ್ರವಿರುವ ಗಳಿಗೆ ಬಟ್ಟಲು ನೀರಿನಲ್ಲಿ ತೇಲುತ್ತಿತ್ತು. ಬಾಗಿ ನೋಡುತ್ತಿದ್ದ ಹುಡುಗಿಯ ಉಡುಗೆಯಿಂದ ಮುತ್ತೊಂದು ಜಾರಿ ಬಟ್ಟಲಿಗೆ ಬಿದ್ದು ರಂಧ್ರ ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಗಳಿಗೆ ಮೀರಿಹೋಯಿತು. ಮಗಳನ್ನು ಸಂತೈಸಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದರು ಎಂಬುದು ಕಥೆಯ ಮುಕ್ತಾಯ. ಹೃದಯ ಮುಟ್ಟುವ ಈ ಪ್ರಸಂಗ ಭಾಸ್ಕರಾಚಾರ್ಯರ ಬರಹದಲ್ಲಿ ಇಲ್ಲ. ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ಅನುವಾದಿಸಿದಾಗ ಅದರ ಪೀಠಿಕೆಯಲ್ಲಿ ಕಾಣಿಸಿಕೊಂಡದ್ದು. ಗ್ರಂಥ ಹುಟ್ಟಿ ನಾಲ್ಕು ಶತಮಾನ ಕಳೆದ ಮೇಲೆ ಬಂದ ಕಥೆಯನ್ನು ಕಥೆಯೆಂದೇ ಸವಿಯುವುದು ಒಳ್ಳೆಯದು.

ಆಧಾರವಿಲ್ಲದ ಭೂಮಿ

ಆ ಮುತ್ತು ಕೆಳಗೇ ಏಕೆ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಇರುವುದು ಗೋಲಾಧ್ಯಾಯದಲ್ಲಿ. ಭೂಮಿಯನ್ನು ಸರ್ಪವೋ ಆನೆಯೋ ಹೊತ್ತಿದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಭಾಸ್ಕರಾಚಾರ್ಯರು ಅದನ್ನು ತರ್ಕದಿಂದಲೇ ಬಿಡಿಸಿದರು. ಭೂಮಿಗೆ ಆಧಾರ ಬೇಕೆಂದರೆ ಆ ಆಧಾರಕ್ಕೂ ಒಂದು ಆಧಾರ ಬೇಕು. ಹೀಗೆ ಹೋದರೆ ಕೊನೆಯೇ ಇಲ್ಲ. ಕೊನೆಯ ಆಧಾರವು ತನ್ನ ಶಕ್ತಿಯಿಂದಲೇ ನಿಲ್ಲುವುದಾದರೆ, ಆ ಶಕ್ತಿಯನ್ನು ಮೊದಲಿಗೇ ಭೂಮಿಗೆ ಏಕೆ ಒಪ್ಪಬಾರದು ಎಂಬುದು ಅವರ ವಾದ.

ಭೂಮಿ ಸದಾ ಕೆಳಗೆ ಬೀಳುತ್ತಲೇ ಇದೆ ಎಂಬ ಬೌದ್ಧರ ಮತವನ್ನೂ ಅವರು ಒಪ್ಪಲಿಲ್ಲ. ಭೂಮಿಗೆ ಸೆಳೆಯುವ ಶಕ್ತಿಯಿದೆ. ಆಕಾಶದಲ್ಲಿರುವ ಭಾರವಾದ ವಸ್ತುಗಳನ್ನು ಅದು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಮಗೆ ಅದು ಬೀಳುವಂತೆ ಕಾಣುತ್ತದೆ. ಸುತ್ತಲೂ ಆಕಾಶ ಸಮನಾಗಿರುವಾಗ ಭೂಮಿಯೇ ಬೀಳುವುದಾದರೆ ಯಾವ ದಿಕ್ಕಿಗೆ ಬೀಳಬೇಕು? ಮೇಲೆ, ಕೆಳಗೆ ಎಂಬ ಮಾತುಗಳಿಗೆ ಭೂಮಿಯನ್ನು ಬಿಟ್ಟು ಅರ್ಥವಿಲ್ಲವೆಂಬ ಸೂಕ್ಷ್ಮ ಈ ವಾದದೊಳಗಿದೆ. ಭೂಗೋಲದ ಆಚೆ ಬದಿಯಲ್ಲಿರುವವರು ನಮಗೆ ತಲೆಕೆಳಗಾಗಿ ತೋರಿದರೂ, ನಾವು ಇಲ್ಲಿರುವಷ್ಟೇ ನಿರಾಳವಾಗಿ ಅಲ್ಲಿ ನಿಂತಿರುತ್ತಾರೆ ಎಂದು ಅವರು ವಿವರಿಸಿದರು. ಕೆರೆಯ ದಡದಲ್ಲಿ ನಿಂತವನ ನೆರಳು ನೀರಿನಲ್ಲಿ ತಲೆಕೆಳಗಾಗಿ ಕಾಣುವುದು ಅವರು ಆಯ್ದ ಹೋಲಿಕೆ.

ಈ ವಿಚಾರ ಅವರಿಂದಲೇ ಮೊದಲಾಯಿತು ಎನ್ನಲಾಗದು. ಗೋಲಾಕಾರದ ಭೂಮಿಯ ಸುತ್ತ ಜೀವಿಗಳು ಕದಂಬ ಪುಷ್ಪದ ಕೇಸರಗಳಂತೆ ನೆಲೆಸಿರುವುದನ್ನು ಆರ್ಯಭಟರು ಹೇಳಿದ್ದರು. ಭಾರವಾದ ವಸ್ತುಗಳನ್ನು ತನ್ನೆಡೆಗೆ ಎಳೆಯುವುದು ಭೂಮಿಯ ಸ್ವಭಾವವೆಂದು ಏಳನೆಯ ಶತಮಾನದ ಬ್ರಹ್ಮಗುಪ್ತರು ತಿಳಿಸಿದ್ದರು. ಚದುರಿದ್ದ ಈ ಎಳೆಗಳನ್ನು ಒಂದು ವಾದಸರಣಿಯಾಗಿ ಹೆಣೆದು, ಎದುರಾಳಿಯ ಆಕ್ಷೇಪಗಳನ್ನೆಲ್ಲ ತಾವೇ ಎತ್ತಿ ಉತ್ತರಿಸಿದ್ದು ಭಾಸ್ಕರಾಚಾರ್ಯರ ಹೆಚ್ಚುಗಾರಿಕೆ.

ಯೋಜನಗಳಲ್ಲಿ ಅಳೆದ ಆಕಾಶ

ಭೂಮಿ ಚಪ್ಪಟೆಯಾಗಿ ಕಾಣುವುದು ಏಕೆಂಬುದಕ್ಕೂ ಅವರಲ್ಲಿ ಉತ್ತರವಿತ್ತು. ದೊಡ್ಡ ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರ ಗೆರೆಯಂತೆಯೇ ತೋರುತ್ತದೆ. ಅಪಾರವಾದ ಭೂಮಿಯ ಮೇಲೆ ನಿಂತ ಪುಟ್ಟ ಮನುಷ್ಯನಿಗೆ ಅದು ಸಮತಟ್ಟಾಗಿ ಕಂಡರೆ ಅಚ್ಚರಿಯೇನು?

ಅಳೆಯುವ ವಿಧಾನವೂ ಸರಳ. ಒಂದೇ ಉತ್ತರ ದಕ್ಷಿಣ ರೇಖೆಯ ಮೇಲಿರುವ ಎರಡು ಊರುಗಳ ಅಕ್ಷಾಂಶಗಳ ಅಂತರ ಮತ್ತು ಅವುಗಳ ನಡುವಿನ ದೂರ ತಿಳಿದರೆ ಸಾಕು. ತ್ರೈರಾಶಿಯಿಂದ ಇಡೀ ಪರಿಧಿ ದೊರೆಯುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿದ್ದರೆ ಶಿರವಾಳದ ಬಯಲಿನಿಂದ ನೋಡುವವರಿಗೆ ಸುಮಾರು 17 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಅದನ್ನು 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್.

ಭಾಸ್ಕರಾಚಾರ್ಯರು ಭೂಮಿಯ ಪರಿಧಿಯನ್ನು 4,967 ಯೋಜನವೆಂದೂ, ವ್ಯಾಸವನ್ನು ಸುಮಾರು 1,581 ಯೋಜನವೆಂದೂ ಕೊಟ್ಟಿದ್ದಾರೆ. ಚಂದ್ರನ ದೂರ 51,566 ಯೋಜನ, ಅವನ ವ್ಯಾಸ 480 ಯೋಜನ. ಯೋಜನದ ಉದ್ದ ಎಷ್ಟೆಂಬ ತಕರಾರನ್ನು ಬದಿಗಿಟ್ಟು ಬರೀ ಅನುಪಾತಗಳನ್ನು ನೋಡೋಣ. ಅವರ ಲೆಕ್ಕದಲ್ಲಿ ಚಂದ್ರ ಭೂಮಿಯ ತ್ರಿಜ್ಯದ ಸುಮಾರು 65 ಪಟ್ಟು ದೂರದಲ್ಲಿದ್ದಾನೆ. ಇಂದಿನ ಅಳತೆಯಲ್ಲಿ ಅದು ಸುಮಾರು 60. ಅವರ ಚಂದ್ರನ ವ್ಯಾಸ ಭೂಮಿಯದರ ಶೇಕಡ 30ರಷ್ಟು; ಇಂದಿನ ಅಳತೆಯಲ್ಲಿ ಶೇಕಡ 27. ದೂರದರ್ಶಕವೇ ಇಲ್ಲದ ಕಾಲಕ್ಕೆ ಇದು ಮೆಚ್ಚಬೇಕಾದ ನಿಖರತೆ.

ಚಂದ್ರನಿಂದ ಆಚೆಗೆ ಹೋದಂತೆ ಲೆಕ್ಕ ಹಳಿ ತಪ್ಪುತ್ತದೆ. ಸೂರ್ಯನ ವ್ಯಾಸ 6,522 ಯೋಜನ, ಅಂದರೆ ಭೂಮಿಯ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಎಂದು ಅವರು ಬರೆದರು; ನಿಜದಲ್ಲಿ ಅದು 109 ಪಟ್ಟು. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ದೂರ, 11,858¾ ಯೋಜನ, ಚಲಿಸುತ್ತವೆಂದು ಅವರ ಪರಂಪರೆ ನಂಬಿತ್ತು. ನಿಧಾನವಾಗಿ ಕಾಣುವ ಶನಿ ದೂರದ ದೊಡ್ಡ ವೃತ್ತದಲ್ಲಿದೆ, ಬೇಗ ಸಾಗುವ ಚಂದ್ರ ಹತ್ತಿರದ ಸಣ್ಣ ವೃತ್ತದಲ್ಲಿದ್ದಾನೆ ಎಂಬುದು ಆ ನಂಬಿಕೆಯ ಫಲ. ಗ್ರಹಗಳ ಕ್ರಮ ಅದರಿಂದ ಸಿಕ್ಕಿತು. ನಿಜವಾದ ದೂರ ಸಿಗಲಿಲ್ಲ.

ಕಾಣದೆ ಉಳಿದ ಗೆರೆ

ಹನ್ನೆರಡನೆಯ ಶತಮಾನದ ತಿಳಿವಳಿಕೆಯ ಗಡಿ ಇರುವುದು ಇಲ್ಲಿಯೇ. ಭಾಸ್ಕರಾಚಾರ್ಯರ ಸಿದ್ಧಾಂತದಲ್ಲಿ ಸೆಳೆಯುವುದು ಭೂಮಿ. ಚಂದ್ರನಿಗೂ ಗುರುವಿಗೂ ಅಂಥದೇ ಸೆಳೆತ ಇದ್ದೀತು ಎಂಬ ಮಾತು ಅಲ್ಲಿಲ್ಲ. ಚಂದ್ರನನ್ನು ತನ್ನ ಹಾದಿಯಲ್ಲಿ ಹಿಡಿದಿರುವುದೂ ಕಲ್ಲನ್ನು ಬೀಳಿಸುವುದೂ ಒಂದೇ ಶಕ್ತಿ ಎಂಬ ಎಣಿಕೆಯೂ ಇಲ್ಲ. ಆಕಾಶಕಾಯಗಳ ನಿತ್ಯದ ತಿರುಗಾಟಕ್ಕೆ ಪ್ರವಹವೆಂಬ ವಾಯುವೇ ಕಾರಣವೆಂದು ಅವರೂ ಪರಂಪರೆಯಂತೆ ಒಪ್ಪಿದ್ದರು. ಸೆಳೆತ ದೂರದೊಡನೆ ಎಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬ ನಿಯಮವನ್ನೂ ಅವರು ಕೊಟ್ಟಿಲ್ಲ.

ಅವರ ಯಂತ್ರಾಧ್ಯಾಯದಲ್ಲಿ ಒಂದು ಸ್ವಯಂಚಾಲಿತ ಚಕ್ರದ ವಿವರವಿದೆ. ಟೊಳ್ಳಾದ ಅರೆಕಾಲುಗಳಲ್ಲಿ ಅರ್ಧದಷ್ಟು ಪಾದರಸ ತುಂಬಿದರೆ, ಅದು ಒಂದು ಕಡೆಗೆ ಹರಿದು ಚಕ್ರ ತಾನಾಗಿಯೇ ತಿರುಗುತ್ತಿರುತ್ತದೆ ಎಂಬುದು ಕಲ್ಪನೆ. ಅಂಥ ಚಕ್ರ ನಿರಂತರವಾಗಿ ತಿರುಗಲಾರದು. ಇಳಿಯುವ ಭಾರ ಕೊಟ್ಟ ಶಕ್ತಿಯನ್ನೆಲ್ಲ ಏರುವ ಭಾರ ತಿಂದುಹಾಕುತ್ತದೆ. ಸೆಳೆತ ಇದೆಯೆಂದು ತಿಳಿಯುವುದು ಬೇರೆ, ಅದನ್ನು ಅಳೆಯುವುದು ಬೇರೆ ಎಂಬುದಕ್ಕೆ ಈ ಚಕ್ರವೇ ನಿದರ್ಶನ.

ಅಳತೆ ಬಂದದ್ದು 1687ರಲ್ಲಿ, ನ್ಯೂಟನ್ ಅವರ ಪ್ರಿನ್ಸಿಪಿಯಾ ಗ್ರಂಥದ ಮೂಲಕ. ಎಲ್ಲ ಕಾಯಗಳೂ ಒಂದನ್ನೊಂದು ಸೆಳೆಯುತ್ತವೆ. ಸೆಳೆತವು ದ್ರವ್ಯರಾಶಿ ಹೆಚ್ಚಿದಂತೆ ಹೆಚ್ಚುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ ಎಂಬುದು ಅವರ ನಿಯಮ. ಈ ನಿಯಮವನ್ನು ಹಿಡಿದು ಅವರು ಗುರು ಮತ್ತು ಶನಿಯ ಮೇಲೆ ವಸ್ತುವಿನ ತೂಕ ಎಷ್ಟಾದೀತೆಂದು ಲೆಕ್ಕ ಹಾಕಿದರು. 1726ರ ಆವೃತ್ತಿಯ ಪ್ರಕಾರ ಗುರುವಿನಲ್ಲಿ ತೂಕ ಭೂಮಿಯ ಎರಡು ಪಟ್ಟಿಗಿಂತ ತುಸು ಹೆಚ್ಚು, ಶನಿಯಲ್ಲಿ ಸುಮಾರು ಒಂದೂಕಾಲು ಪಟ್ಟು. ಇಂದಿನ ಬೆಲೆಗಳಿಗೆ ಇವು ಬಹಳ ದೂರವಿಲ್ಲ.

ಗುರು ಮತ್ತು ಶನಿಯನ್ನೇ ಆರಿಸಿದ್ದು ಏಕೆ? ಅವುಗಳಿಗೆ ಉಪಗ್ರಹಗಳಿರುವುದು ಆಗಲೇ ತಿಳಿದಿತ್ತು. ಗುರುವಿನ ನಾಲ್ಕು ಚಂದ್ರರನ್ನು ಗೆಲಿಲಿಯೊ 1610ರಲ್ಲಿ, ಶನಿಯ ದೊಡ್ಡ ಚಂದ್ರನನ್ನು ಹೈಗೆನ್ಸ್ 1655ರಲ್ಲಿ ದೂರದರ್ಶಕದಿಂದ ಕಂಡಿದ್ದರು. ಉಪಗ್ರಹ ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೊಮ್ಮೆ ಸುತ್ತುತ್ತದೆ ಎಂಬುದರಿಂದ ಅದನ್ನು ಹಿಡಿದಿರುವ ಗ್ರಹದ ದ್ರವ್ಯರಾಶಿ ತಿಳಿಯುತ್ತದೆ. ಮಂಗಳನ ಚಂದ್ರರು ಕಂಡದ್ದು 1877ರಲ್ಲಿ. ಚಂದ್ರರೇ ಇಲ್ಲದ ಶುಕ್ರ ಮತ್ತು ಬುಧಗಳ ನಿಖರ ಬೆಲೆಗಾಗಿ 1962 ಮತ್ತು 1974ರಲ್ಲಿ ಅವುಗಳ ಬಳಿ ಹಾದುಹೋದ ಮ್ಯಾರಿನರ್ ನೌಕೆಗಳವರೆಗೆ ಕಾಯಬೇಕಾಯಿತು. ಬರಿಗಣ್ಣಿನಿಂದ ಆಕಾಶ ನೋಡಿದ ಭಾಸ್ಕರಾಚಾರ್ಯರಿಗೆ ಗ್ರಹಗಳನ್ನು ತೂಗುವ ತಕ್ಕಡಿ ದೊರೆತಿರಲಿಲ್ಲ. ಅದು ಅವರ ಬುದ್ಧಿಯ ಕೊರತೆಯಲ್ಲ, ಕಾಲದ ಮಿತಿ.

ಜೋಳದ ಚೀಲ ಗ್ರಹದಿಂದ ಗ್ರಹಕ್ಕೆ

ಇಂದು ಆ ತಕ್ಕಡಿ ನಮ್ಮ ಕೈಯಲ್ಲಿದೆ. ಶಹಾಪುರ ಸೀಮೆಯಲ್ಲಿ ಬೆಳೆದ 100 ಕಿಲೋ ಜೋಳದ ಚೀಲವೊಂದನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಸೌರಮಂಡಲವನ್ನೆಲ್ಲ ಸುತ್ತಿಸಿದೆವೆಂದು ಭಾವಿಸೋಣ. ಚಂದ್ರನ ಮೇಲೆ ಮುಳ್ಳು ಸುಮಾರು 16.5 ಕಿಲೋ ತೋರಿಸುತ್ತದೆ. ಬುಧ ಮತ್ತು ಮಂಗಳ ಎರಡರಲ್ಲೂ ಸುಮಾರು 38, ಶುಕ್ರ ಮತ್ತು ಯುರೇನಸ್‌ಗಳಲ್ಲಿ ಸುಮಾರು 90, ನೆಪ್ಚೂನ್‌ನಲ್ಲಿ ಸುಮಾರು 114, ಗುರುವಿನಲ್ಲಿ ಸುಮಾರು 250. ಶನಿಯಲ್ಲಿ ಸುಮಾರು 106. ಆದರೆ ಆ ಗ್ರಹ ಹತ್ತೂವರೆ ಗಂಟೆಗೊಮ್ಮೆ ತನ್ನ ಸುತ್ತ ತಿರುಗುವುದರಿಂದ ನಡುಪಟ್ಟಿಯಲ್ಲಿ 100ಕ್ಕಿಂತಲೂ ಕಡಿಮೆ, ಧ್ರುವಗಳಲ್ಲಿ ಹೆಚ್ಚು. ಗುರು, ಶನಿ, ಯುರೇನಸ್, ನೆಪ್ಚೂನ್‌ಗಳಲ್ಲಿ ನಿಲ್ಲಲು ಗಟ್ಟಿ ನೆಲವಿಲ್ಲ. ಅಲ್ಲಿನ ಬೆಲೆಗಳು ಮೋಡಗಳ ಮಟ್ಟಕ್ಕೆ ಅನ್ವಯಿಸುತ್ತವೆ.

ಚೀಲದಲ್ಲಿರುವ ಜೋಳ ಮಾತ್ರ ಎಲ್ಲಿಯೂ ಒಂದು ಕಾಳೂ ಹೆಚ್ಚು ಕಡಿಮೆಯಾಗುವುದಿಲ್ಲ. ಹಳೆಯ ಸಂತೆಯ ಎರಡು ತಟ್ಟೆಗಳ ತಕ್ಕಡಿಯನ್ನು ಒಯ್ದರೆ, ಯಾವ ಗ್ರಹದ ನೆಲದ ಮೇಲಾದರೂ ಅದು 100 ಕಿಲೋ ಎಂದೇ ತೂಗುತ್ತದೆ. ಏಕೆಂದರೆ ಜೋಳದಷ್ಟೇ ತೂಕದ ಕಲ್ಲೂ ಹಗುರವೋ ಭಾರವೋ ಆಗಿರುತ್ತದೆ. ಬದಲಾಗುವುದು ಗ್ರಹದ ಸೆಳೆತ, ವಸ್ತುವಿನ ದ್ರವ್ಯರಾಶಿಯಲ್ಲ.

ಈ ಬೆಲೆಗಳಲ್ಲಿ ಎರಡು ಸೋಜಿಗಗಳಿವೆ. ಗುರುವಿನ ದ್ರವ್ಯರಾಶಿ ಭೂಮಿಯ 318 ಪಟ್ಟು. ತೂಕ ಮಾತ್ರ ಎರಡೂವರೆ ಪಟ್ಟು. ಕಾರಣ, ಗುರುವಿನ ಮೋಡಗಳ ಮೇಲಿರುವವನು ಅದರ ಕೇಂದ್ರದಿಂದ ಹನ್ನೊಂದು ಪಟ್ಟು ದೂರದಲ್ಲಿರುತ್ತಾನೆ. ಆ ದೂರದ ವರ್ಗ ಸೆಳೆತವನ್ನು ಕುಗ್ಗಿಸುತ್ತದೆ. ಬುಧವು ಮಂಗಳಕ್ಕಿಂತ ಸಣ್ಣದು. ಆದರೂ ತೂಕ ಎರಡರಲ್ಲೂ ಒಂದೇ. ಬುಧದ ಒಡಲಲ್ಲಿ ಕಬ್ಬಿಣ ಹೆಚ್ಚಿರುವುದರಿಂದ ಅದರ ಸಾಂದ್ರತೆ ಹೆಚ್ಚು. ಗಾತ್ರವೊಂದೇ ಸಾಲದು, ಒಳಗೇನಿದೆ ಎಂಬುದೂ ಮುಖ್ಯ.

ಭಾಸ್ಕರಾಚಾರ್ಯರ ಚಂದ್ರನನ್ನೇ ತೆಗೆದುಕೊಳ್ಳೋಣ. ಅದು ಭೂಮಿಯಂಥದೇ ದ್ರವ್ಯದಿಂದ ಆಗಿದ್ದರೆ, ಅವರು ಕೊಟ್ಟ ವ್ಯಾಸದಂತೆ ನಮ್ಮ ಚೀಲ ಅಲ್ಲಿ ಸುಮಾರು 30 ಕಿಲೋ ತೂಗಬೇಕಿತ್ತು. ನಿಜವಾಗಿ ತೂಗುವುದು ಅದರ ಅರ್ಧಕ್ಕೆ ಹತ್ತಿರ. ಚಂದ್ರನ ಸಾಂದ್ರತೆ ಭೂಮಿಯದರ ಶೇಕಡ 60ರಷ್ಟು ಮಾತ್ರ ಇರುವುದು ಇದಕ್ಕೆ ಮುಖ್ಯ ಕಾರಣ. ಗಾತ್ರವನ್ನು ಅವರು ಹೆಚ್ಚುಕಡಿಮೆ ಸರಿಯಾಗಿ ಹೇಳಿದ್ದರು. ಉಳಿದದ್ದನ್ನು ತಿಳಿಯಲು ಮನುಕುಲಕ್ಕೆ ಇನ್ನೂ ಹಲವು ಶತಮಾನ ಬೇಕಾಯಿತು.

ಮನೆತನ, ಮಠ, ಅನುವಾದ

ಗೋಲಾಧ್ಯಾಯ ಬರೆದ ಮೇಲೆ ಭಾಸ್ಕರಾಚಾರ್ಯರು ಬಹುಕಾಲ ಬದುಕಿದರು. ಆ ವರ್ಷಗಳಲ್ಲಿ ಕಲ್ಯಾಣದಲ್ಲಿ ಬಿಜ್ಜಳ ಅಧಿಕಾರ ಹಿಡಿದ. ಬಸವಣ್ಣನವರ ನೇತೃತ್ವದ ಶರಣ ಚಳವಳಿ ನಾಡನ್ನು ಕಲಕಿತು. ಚಾಲುಕ್ಯರ ಶಕ್ತಿ ಕುಂದಿ ಸೇವುಣರು ತಲೆಯೆತ್ತತೊಡಗಿದರು. ಈ ಏರಿಳಿತಗಳ ನಡುವೆ, 1183ರಲ್ಲಿ, 69ರ ವಯಸ್ಸಿನಲ್ಲಿ ಅವರು ಕರಣಕುತೂಹಲವನ್ನು ರಚಿಸಿದರು. ಪಂಚಾಂಗ ಮಾಡುವವರಿಗೆ ಗ್ರಹಗಳ ಲೆಕ್ಕವನ್ನು ಹಗುರಗೊಳಿಸಿಕೊಡುವ ಕೈಪಿಡಿ ಅದು. ಪಂಡಿತರಿಗಾಗಿ ಬರೆದಾಗಿತ್ತು, ಇಳಿವಯಸ್ಸಿನಲ್ಲಿ ದಿನನಿತ್ಯದ ಕೆಲಸದವರಿಗಾಗಿ ಬರೆದರು.

ಅವರ ಮಗ ಲಕ್ಷ್ಮೀಧರರನ್ನು ಸೇವುಣ ಅರಸ ಜೈತುಗಿ ತನ್ನ ಆಸ್ಥಾನಕ್ಕೆ ಕರೆಸಿ ವಿದ್ವಾಂಸರಲ್ಲಿ ಮುಖ್ಯನನ್ನಾಗಿ ಮಾಡಿದ. ಮೊಮ್ಮಗ ಚಂಗದೇವರು ಸಿಂಘಣನ ಕಾಲದಲ್ಲಿ ಆಸ್ಥಾನ ಜ್ಯೋತಿಷಿಯಾದರು. ಚಂಗದೇವರು ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದೇ ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದರು. ಅದಕ್ಕೆ ಸ್ಥಳೀಯ ಅರಸು ಮನೆತನ ದತ್ತಿ ಬಿಟ್ಟದ್ದನ್ನು 1207ರ ಶಾಸನ ದಾಖಲಿಸಿದೆ. ಒಬ್ಬ ಗಣಿತಜ್ಞನ ಪುಸ್ತಕಗಳ ಅಧ್ಯಯನಕ್ಕೆ ಕಲ್ಲಿನಲ್ಲಿ ಕೆತ್ತಿದ ದತ್ತಿ ನಮ್ಮ ಇತಿಹಾಸದಲ್ಲಿ ಅಪರೂಪ. ಮುಂಬಯಿಯ ವಿದ್ವಾಂಸ ಭಾವು ದಾಜಿ ಈ ಶಾಸನವನ್ನು 1865ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು.

ಗ್ರಂಥಗಳೂ ದೂರ ಸಾಗಿದವು. ಫೈಜಿಯ ಲೀಲಾವತಿಯ ನಂತರ ಷಹಜಹಾನನ ಕಾಲದಲ್ಲಿ ಬೀಜಗಣಿತ ಪಾರಸಿಗೆ ಹೋಯಿತು. 1816ರಲ್ಲಿ ಜಾನ್ ಟೇಲರ್, 1817ರಲ್ಲಿ ಕೋಲ್‌ಬ್ರೂಕ್ ಲೀಲಾವತಿಯನ್ನು ಇಂಗ್ಲಿಷಿಗೆ ತಂದರು. ಲ್ಯಾನ್ಸೆಲಾಟ್ ವಿಲ್ಕಿನ್‌ಸನ್ ಮಾಡಿ, ಬಾಪೂದೇವ ಶಾಸ್ತ್ರಿ ಪರಿಷ್ಕರಿಸಿದ ಗೋಲಾಧ್ಯಾಯದ ಅನುವಾದ 1861ರಲ್ಲಿ ಹೊರಬಂತು.

ಹೆಸರು ಹೊತ್ತು ಹಾರಿದ ಉಪಗ್ರಹಗಳು

ಭಾರತದ ಭೂವೀಕ್ಷಣಾ ಉಪಗ್ರಹಗಳಾದ ಭಾಸ್ಕರ 1 ಮತ್ತು ಭಾಸ್ಕರ 2 ಕ್ರಮವಾಗಿ 1979ರ ಜೂನ್ 7 ಮತ್ತು 1981ರ ನವೆಂಬರ್ 20ರಂದು ಸೋವಿಯತ್ ನೆಲದಿಂದ ಮೇಲೇರಿದವು. ಏಳನೆಯ ಶತಮಾನದ ಮೊದಲನೆಯ ಭಾಸ್ಕರ ಹಾಗೂ ನಮ್ಮ ಭಾಸ್ಕರಾಚಾರ್ಯರು, ಈ ಇಬ್ಬರು ಗಣಿತಜ್ಞರ ನೆನಪು ಆ ಹೆಸರಿನಲ್ಲಿದೆ. ಅವು ರೂಪುಗೊಂಡದ್ದು ಬೆಂಗಳೂರಿನಲ್ಲಿ. ಭೂಮಿಯ ಸುತ್ತ ಅವುಗಳನ್ನು ಹಿಡಿದು ತಿರುಗಿಸಿದ್ದು ಭಾಸ್ಕರಾಚಾರ್ಯರು ಹೇಳಿದ ಅದೇ ಸೆಳೆತ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. 2023ರ ಆಗಸ್ಟ್ 23ರಂದು ಚಂದ್ರಯಾನ 3ರ ವಿಕ್ರಮ್ ಚಂದ್ರನ ಮೇಲೆ ಮೆತ್ತಗೆ ಇಳಿಯಿತು. ಅದರೊಳಗಿದ್ದ ಪ್ರಗ್ಯಾನ್ ಬಂಡಿ ಇಲ್ಲಿ 26 ಕಿಲೋ. ಅಲ್ಲಿನ ನೆಲದ ಮೇಲೆ ಅದರ ಭಾರ ನಾಲ್ಕು ಕಿಲೋ ಚಿಲ್ಲರೆಯಷ್ಟೇ. ಇಳಿಯುವ ನೌಕೆಯ ಎಂಜಿನ್ ಎಷ್ಟು ಬಲ ಹಾಕಬೇಕು, ಯಾವ ಕ್ಷಣದಲ್ಲಿ ವೇಗ ಎಷ್ಟಿರಬೇಕು ಎಂಬ ಪ್ರತಿಯೊಂದು ಲೆಕ್ಕದ ಬುಡದಲ್ಲೂ ಚಂದ್ರನ ಸೆಳೆತದ ಬೆಲೆಯಿತ್ತು. ಆ ಬೆಲೆಯನ್ನು ತಪ್ಪಾಗಿ ಹಿಡಿದರೆ ನೌಕೆ ನೆಲಕ್ಕಪ್ಪಳಿಸುತ್ತದೆ. ಅಲ್ಲಿ ಹೆಮ್ಮೆಯ ಮಾತು ಕೆಲಸಕ್ಕೆ ಬಾರದು, ಸರಿಯಾದ ಲೆಕ್ಕ ಮಾತ್ರ ಬೇಕು.

ಭಾಸ್ಕರಾಚಾರ್ಯರ ಬದುಕೂ ಇದನ್ನೇ ಹೇಳುತ್ತದೆ. ಹಿಂದಿನವರ ಮಾತು ಹಿಂದಿನವರದೆಂಬ ಕಾರಣಕ್ಕೆ ಅವರು ಒಪ್ಪಿದವರಲ್ಲ. ಗೌರವಿಸುತ್ತಲೇ ಪರೀಕ್ಷಿಸಿದವರು, ತಪ್ಪಿದ್ದಲ್ಲಿ ತಿದ್ದಿದವರು. ನ್ಯೂಟನ್ ಮಾಡಿದ್ದನ್ನು ಅವರ ಹೆಸರಿಗೆ ಬರೆಯುವುದರಿಂದ ಅವರ ಎತ್ತರ ಹೆಚ್ಚುವುದಿಲ್ಲ. ಭೂಮಿಗೆ ಆಧಾರ ಬೇಕಿಲ್ಲ, ಸೆಳೆತ ಅದರೊಳಗೇ ಇದೆ ಎಂದು ನಂಬಿಕೆಗಳ ಎದುರು ನಿಂತು ತರ್ಕಬದ್ಧವಾಗಿ ವಾದಿಸಿದ್ದೇ ಸಾಕಷ್ಟು ದೊಡ್ಡ ಕೆಲಸ. ಶಿರವಾಳದ ಗುಡಿಗಳಲ್ಲಿ ಕೆಳಗಿನ ಕಲ್ಲು ಮೇಲಿನ ಕಲ್ಲನ್ನು ಹೊತ್ತು ನಿಂತಂತೆ, ಜ್ಞಾನದ ಕಟ್ಟಡದಲ್ಲೂ ಪ್ರತಿಯೊಬ್ಬರದು ಒಂದೊಂದು ವರಸೆ. ಭಾಸ್ಕರಾಚಾರ್ಯರು ಇಟ್ಟ ಕಲ್ಲು ಒಂಬತ್ತು ಶತಮಾನಗಳ ನಂತರವೂ ತನ್ನ ಜಾಗದಲ್ಲಿ ಭದ್ರವಾಗಿದೆ.